ಕೆನಡಾದಿಂದ ವಯೋಮಿಂಗ್‌ಗೆ ಪ್ರಾಂಗ್‌ಹಾರ್ನ್ ಬೇಟೆ: ಅರ್ಜಿಯಿಂದ ಹಿಡಿದು ಮಾಂಸ ಮನೆ ಮುಟ್ಟುವ ತನಕ

ಪ್ರಾಂಗ್‌ಹಾರ್ನ್ ಎಂಬ ಕೊಂಬಿನ ಬಯಲುಪ್ರಾಣಿಯ ಬೇಟೆಗೆಂದು ಕೆನಡಾದಿಂದ ಅಮೆರಿಕದ ವಯೋಮಿಂಗ್ ರಾಜ್ಯಕ್ಕೆ ಹೊರಡುವವರು ತಲೆ ಕೆಡಿಸಿಕೊಳ್ಳುವುದೆಲ್ಲ ರೈಫಲ್, ದುರ್ಬೀನು, ಗುಂಡಿನ ತೂಕದ ಬಗ್ಗೆ. ಕೆಲಸ ಕೆಡುವುದು ಬೇರೆ ಎರಡು ಕಡೆ. ಒಂದು, ಜೂನ್‌ನಲ್ಲೇ ಕಳಿಸಬೇಕಿದ್ದ ಬಂದೂಕಿನ ಅರ್ಜಿ ಆಗಸ್ಟ್‌ವರೆಗೂ ಮೇಜಿನ ಮೇಲೆ ಕೂತಿರುವುದು. ಇನ್ನೊಂದು, ಪ್ರಾಣಿ ಬಿದ್ದ ಮೇಲಿನ ಮೊದಲ ಒಂದು ಗಂಟೆಯನ್ನು ಫೋಟೊ ತೆಗೆಯುವುದರಲ್ಲಿ ಕಳೆಯುವುದು. ಈ ಎರಡನ್ನು ಸರಿಯಾಗಿ ನಿಭಾಯಿಸಿದರೆ ಉಳಿದದ್ದಕ್ಕೆ ಅಷ್ಟು ಪರದಾಡಬೇಕಿಲ್ಲ.

ಹೆಸರಿನ ಗೊಂದಲವನ್ನು ಮೊದಲೇ ಬಗೆಹರಿಸಿಕೊಳ್ಳಿ. ಅಲ್ಲಿನವರೂ ಪರವಾನಗಿಯೂ ಇದನ್ನು 'ಆ್ಯಂಟಿಲೋಪ್' ಎಂದೇ ಕರೆಯುತ್ತವೆ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಇದು ಹುಲ್ಲೆಯೂ ಅಲ್ಲ, ಜಿಂಕೆಯೂ ಅಲ್ಲ. ಆ್ಯಂಟಿಲೊಕಾಪ್ರಿಡೆ ಎಂಬ ಕುಟುಂಬದಲ್ಲಿ ಇವತ್ತಿಗೆ ಉಳಿದಿರುವ ಒಂದೇ ಪ್ರಾಣಿ. ಕೊಂಬಿನ ಮೂಳೆ ಕಾಯಂ, ಅದರ ಮೇಲಿನ ಕಪ್ಪು ಚಿಪ್ಪು ಮಾತ್ರ ವರ್ಷಕ್ಕೊಮ್ಮೆ ಕಳಚಿ ಬೀಳುತ್ತದೆ. ಇದು ಬರೀ ಪಾಠದ ಮಾತಲ್ಲ. ಗಡಿಯಲ್ಲಿ ಜಿಂಕೆ ಮಾಂಸಕ್ಕೆ ಇರುವ ರೋಗದ ನಿರ್ಬಂಧ ಇದಕ್ಕೆ ಯಾಕೆ ತಾಗುವುದಿಲ್ಲ ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಅರ್ಜಿ ಮತ್ತು ಲಾಟರಿ

ಪರವಾನಗಿ ಕೊಡುವುದು ವಯೋಮಿಂಗ್ ಗೇಮ್ ಅಂಡ್ ಫಿಶ್ ಇಲಾಖೆ, ಅರ್ಜಿ ಹಾಕಿದವರ ನಡುವೆ ಲಾಟರಿ ಎತ್ತಿ. ಹೊರಗಿನವರ ಅರ್ಜಿ ಜನವರಿಯಲ್ಲಿ ತೆರೆದು ಜೂನ್ ಮೊದಲ ದಿನಗಳಲ್ಲಿ ಮುಚ್ಚುತ್ತದೆ. ಫಲಿತಾಂಶ ಜೂನ್ ನಡುವಿನ ಹೊತ್ತಿಗೆ. ಕೆನಡಾದವರಿಗೂ ಅಮೆರಿಕದ ಬೇರೆ ರಾಜ್ಯದವರಿಗೂ ದರ ಒಂದೇ: ಸಾಮಾನ್ಯ ಪರವಾನಗಿಗೆ 326 ಅಮೆರಿಕನ್ ಡಾಲರ್, ಅರ್ಜಿ ಶುಲ್ಕ 15, ಜೊತೆಗೆ ಕನ್ಸರ್ವೇಶನ್ ಸ್ಟ್ಯಾಂಪ್ 21.50. 'ಸ್ಪೆಷಲ್' ಎಂಬ ಇನ್ನೊಂದು ಸಾಲಿದೆ, 1,200 ಡಾಲರ್. ಅದರಿಂದ ಸಿಗುವುದು ದೊಡ್ಡ ಪ್ರಾಣಿಯಲ್ಲ, ಕಡಿಮೆ ಜನರ ಜೊತೆ ಲಾಟರಿಗೆ ನಿಲ್ಲುವ ಅವಕಾಶ ಅಷ್ಟೆ. ಮೊದಲ ಸಲ ಹೋಗುವವರಿಗೆ ಅದು ದಂಡ.

ಪರವಾನಗಿಯ ಮೇಲೆ ಎರಡು ಸಂಖ್ಯೆ ಇರುತ್ತವೆ, ಬೇಟೆ ಪ್ರದೇಶದ್ದು ಮತ್ತು 'ಟೈಪ್'. ಟೈಪ್ 1 ಎಂದರೆ ಯಾವುದೇ ಪ್ರಾಂಗ್‌ಹಾರ್ನ್. ಟೈಪ್ 6, 7 ಎಂದರೆ ಹೆಣ್ಣು ಅಥವಾ ಮರಿ ಮಾತ್ರ, ಹೊರಗಿನವರಿಗೂ 34 ಡಾಲರ್. ಮಾಂಸಕ್ಕಾಗಿ ಹೋಗುವವರು ಟೈಪ್ 1ರ ಜೊತೆಗೆ ಟೈಪ್ 6 ಒಂದನ್ನು ಹಾಕಿಕೊಂಡರೆ ಅಷ್ಟು ದೂರದ ಡೀಸೆಲ್ ಖರ್ಚಿಗೆ ಅರ್ಥ ಬರುತ್ತದೆ. ಹೊರಗಿನವರ ಪಾಲಿನಲ್ಲಿ ಶೇ. 75ರಷ್ಟು ಪ್ರಿಫರೆನ್ಸ್ ಪಾಯಿಂಟ್ (ಹಿಂದಿನ ವರ್ಷಗಳಲ್ಲಿ ಕೂಡಿಸಿಕೊಂಡ ಆದ್ಯತೆಯ ಅಂಕ) ಹೆಚ್ಚಿದ್ದವರಿಗೆ ಹೋಗುತ್ತದೆ, ಉಳಿದ ಶೇ. 25 ಕುರುಡು ಲಾಟರಿ. ಪಾಯಿಂಟ್ ಇಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ ಎಂದಾಯಿತು.

ಲಾಟರಿ ಮುಗಿದ ಮೇಲೆ ಉಳಿದ ಪರವಾನಗಿಗಳನ್ನು ಕಂಡು ಮರುಳಾಗಬೇಡಿ. ಅವು ಉಳಿದಿರುವುದು ಪ್ರಾಣಿ ಇಲ್ಲದೆ ಅಲ್ಲ, ಕಾಲಿಡಲು ಸಾರ್ವಜನಿಕ ಜಾಗ ಇಲ್ಲದೆ. ಇಲಾಖೆಯ ಪಟ್ಟಿಯಲ್ಲೇ ಅಂಥ ಪ್ರದೇಶಗಳಿಗೆ ಸಾರ್ವಜನಿಕ ಪ್ರವೇಶ ಕಷ್ಟ ಎಂಬ ಗುರುತು ಇರುತ್ತದೆ. ಜಮೀನಿನ ಮಾಲೀಕರು ಫೋನಿನಲ್ಲಿ 'ಆಯ್ತು, ಬನ್ನಿ' ಅಂದ ಮೇಲೆ ಕೊಳ್ಳಿ, ಕೊಂಡ ಮೇಲೆ ಮಾಲೀಕರನ್ನು ಹುಡುಕಬೇಡಿ. ಹಳೆಯ ಅಂಕಿ ನಂಬಿ ಅರ್ಜಿ ಹಾಕುವುದೂ ಬೇಡ. 2022–23ರ ಚಳಿಗಾಲದಲ್ಲಿ ಪಶ್ಚಿಮ ವಯೋಮಿಂಗ್‌ನಲ್ಲಿ ಪ್ರಾಂಗ್‌ಹಾರ್ನ್‌ಗಳು ಭಾರೀ ಸಂಖ್ಯೆಯಲ್ಲಿ ಸತ್ತು, ಆಮೇಲೆ ಪರವಾನಗಿಗಳೂ ಇಳಿದವು.

1966ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಪ್ರಮಾಣಪತ್ರ ತೋರಿಸಬೇಕು. ಇಲ್ಲಿ ಹಲವರು ಎಡವುತ್ತಾರೆ. ಕೆನಡಾದಲ್ಲಿ ಪಿಎಎಲ್ ಎಂಬ ಬಂದೂಕು ಪರವಾನಗಿ ಪಡೆಯಲು ಮಾಡಿದ ಬಂದೂಕು ಸುರಕ್ಷತಾ ಕೋರ್ಸ್ ಬೇರೆ, ಪ್ರಾಂತ್ಯದ ಬೇಟೆ ಶಿಕ್ಷಣ ಬೇರೆ. ವಯೋಮಿಂಗ್‌ಗೆ ಬೇಕಾದ್ದು ಎರಡನೆಯದು.

ಬಂದೂಕಿನ ಕಾಗದ

ಅಮೆರಿಕಕ್ಕೆ ರೈಫಲ್ ತಾತ್ಕಾಲಿಕವಾಗಿ ಒಯ್ಯಲು ಅಲ್ಲಿ ಬಂದೂಕುಗಳ ಉಸ್ತುವಾರಿ ನೋಡುವ ಎಟಿಎಫ್ ಇಲಾಖೆಯ 'ಫಾರಂ 6ಎನ್‌ಐಎ' ಮಂಜೂರಾಗಿ ಕೈಯಲ್ಲಿರಬೇಕು. ಶುಲ್ಕ ಇಲ್ಲ. ಜೊತೆಗೆ ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿ ಬೇಟೆ ಪರವಾನಗಿಯ ಪ್ರತಿ ಲಗತ್ತಿಸಬೇಕು. ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಲಾಟರಿ ಫಲಿತಾಂಶ ಬರುವುದೇ ಜೂನ್ ನಡುವೆ, ಬೇಟೆ ಶುರುವಾಗುವುದು ಎಷ್ಟೋ ಪ್ರದೇಶಗಳಲ್ಲಿ ಸೆಪ್ಟೆಂಬರ್ ನಡುವೆ. ಮಂಜೂರಾತಿಗೆ ಎರಡು ತಿಂಗಳು ಬಿಟ್ಟುಕೊಂಡರೆ ಕೈಯಲ್ಲಿ ಉಳಿಯುವುದು ಕೆಲವೇ ವಾರ. ಆದ್ದರಿಂದ ಫಲಿತಾಂಶ ಬಂದ ವಾರವೇ ಫಾರಂ ಹೋಗಬೇಕು.

ಫಾರಂನಲ್ಲಿ ತಯಾರಕರ ಹೆಸರು, ಮಾದರಿ, ಕ್ಯಾಲಿಬರ್, ನಳಿಗೆಯ ಉದ್ದ, ಒಟ್ಟು ಉದ್ದ, ಸೀರಿಯಲ್ ನಂಬರ್, ತೋಟಾಗಳ ಸಂಖ್ಯೆ ಎಲ್ಲ ತುಂಬಬೇಕು. ಸೀರಿಯಲ್ ನಂಬರನ್ನು ನೆನಪಿನಿಂದಾಗಲಿ, ಹಳೆಯ ರಸೀದಿ ನೋಡಿಯಾಗಲಿ ಬರೆಯಬೇಡಿ. ರೈಫಲ್ ಹೊರತೆಗೆದು, ಬೆಳಕಿಗೆ ಹಿಡಿದು, ಒಬ್ಬರು ಓದಿ ಇನ್ನೊಬ್ಬರು ಬರೆದುಕೊಳ್ಳಲಿ. ಸೊನ್ನೆಯ ಜಾಗದಲ್ಲಿ 'ಓ' ಬಿದ್ದರೆ ಗಡಿಯ ಅಧಿಕಾರಿಯ ಕಣ್ಣಿಗೆ ಅದು ಬೇರೆಯೇ ರೈಫಲ್. ಒಂದನ್ನೇ ಒಯ್ಯುವವರೂ ಫಾರಂನಲ್ಲಿ ಎರಡನ್ನು ಬರೆಯುವುದು ಲೇಸು. ಹೊರಡುವ ಹಿಂದಿನ ವಾರ ಸ್ಕೋಪ್ ಕೈಕೊಟ್ಟರೆ ಇನ್ನೊಂದನ್ನು ಎತ್ತಿಕೊಂಡು ಹೊರಡಬಹುದು.

ಅದೇ ಫಾರಂನಲ್ಲಿ ಮಾದಕ ಪದಾರ್ಥದ ಪ್ರಶ್ನೆಯೂ ಇದೆ. ಕೆನಡಾದಲ್ಲಿ 2018ರಿಂದ ಗಾಂಜಾ ಕಾನೂನುಬದ್ಧವಾದರೂ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಗಾಂಜಾ ಸೇದುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮರೆತ ಒಂದು ಪೊಟ್ಟಣ ಸಾಕು, ಇಡೀ ಪ್ರವಾಸ ಗಡಿಯಲ್ಲೇ ಮುಗಿಯುತ್ತದೆ. ಇನ್ನು, ಕೆನಡಾದ ಪಿ.ಆರ್. (ಕಾಯಂ ವಾಸದ ಅನುಮತಿ) ಇದ್ದು ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದೆಲ್ಲಕ್ಕೂ ಮೊದಲು ಅಮೆರಿಕದ ವೀಸಾ ಬೇಕು. ಅದರ ಕಾಯುವಿಕೆ ಲಾಟರಿಯದಕ್ಕಿಂತ ಉದ್ದವಾದರೂ ಆಶ್ಚರ್ಯವಿಲ್ಲ.

ಹೊರಡುವ ದಿನ ಕೆನಡಾದ ಕಡೆಯ ಸಿಬಿಎಸ್‌ಎ ಎಂಬ ಗಡಿ ಇಲಾಖೆಯ ಕಚೇರಿಯಲ್ಲಿ ನಿಲ್ಲಿಸಿ 'ಬಿಎಸ್‌ಎಫ್407' ಚೀಟಿ ಮಾಡಿಸಿಕೊಳ್ಳಿ. ರೈಫಲ್, ದುರ್ಬೀನು, ರೇಂಜ್‌ಫೈಂಡರ್ ಹೀಗೆ ಸೀರಿಯಲ್ ನಂಬರ್ ಇರುವ ಎಲ್ಲವೂ ಅದರಲ್ಲಿ ಬರಲಿ. ಇವು ಹೋಗುವಾಗಲೇ ಜೊತೆಗಿದ್ದವು, ಅಲ್ಲಿ ಕೊಂಡವಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಅಮೆರಿಕದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ರೈಫಲ್ ಸ್ಕೋಪ್ ಕೊಂಡು ತರುವ ಯೋಚನೆಯಿದ್ದರೆ ಅದಕ್ಕೂ ಅಲ್ಲಿನ ರಫ್ತು ನಿಯಮ ಅನ್ವಯಿಸುತ್ತದೆ ಎನ್ನುವುದು ನೆನಪಿರಲಿ.

ಆಲ್ಬರ್ಟಾದವರ ದಾರಿ ಸಾಮಾನ್ಯವಾಗಿ ಕೌಟ್ಸ್–ಸ್ವೀಟ್‌ಗ್ರಾಸ್ ಗಡಿ, ಗ್ರೇಟ್ ಫಾಲ್ಸ್, ಬಿಲ್ಲಿಂಗ್ಸ್, ಶೆರಿಡನ್. ಗಡಿಯಿಂದ ಶೆರಿಡನ್‌ಗೆ ಸುಮಾರು 750 ಕಿ.ಮೀ. ಕಿಟಕಿಯಲ್ಲಿ ಮೊದಲ ಮಾತೇ 'ರೈಫಲ್ ಇದೆ, ಪರ್ಮಿಟ್ ಇದೆ' ಎಂದಾಗಲಿ, ಅವರು ಕೇಳುವ ತನಕ ಕಾಯಬೇಡಿ. ರೈಫಲ್ ಖಾಲಿಯಾಗಿ ಬೀಗದ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಚೀಲದಲ್ಲಿ. ಮನೆಯ ಸೌದೆ, ಹಸಿ ಮಾಂಸ, ಹಣ್ಣುಹಂಪಲು ಯಾವುದೂ ಗಾಡಿಯಲ್ಲಿ ಬೇಡ.

ಯಾರ ಜಮೀನು?

ಪೂರ್ವ ವಯೋಮಿಂಗ್‌ನ ಬಯಲು ನೋಡಲು ಒಂದೇ ಹಾಸು. ನಕ್ಷೆಯಲ್ಲಿ ನೋಡಿದರೆ ಚದುರಂಗದ ಮಣೆ: ಬಿಎಲ್‌ಎಂ ಎಂಬ ಕೇಂದ್ರ ಇಲಾಖೆಯದು, ರಾಜ್ಯದ್ದು, ಖಾಸಗಿ. ಜಮೀನಿನ ಒಡೆತನ ತೋರಿಸುವ ಆ್ಯಪ್ ಇಲ್ಲದೆ ಇಲ್ಲಿ ಕಾಲಿಡಬೇಡಿ. ನಕ್ಷೆಯನ್ನು ಊರಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಬಯಲಿನಲ್ಲಿ ಸಿಗ್ನಲ್ ಸಿಗುವ ಭರವಸೆ ಇಲ್ಲ. ಬೇಟೆಗಾರರು ಕಾಲಿಡಲೆಂದು ಗೇಮ್ ಅಂಡ್ ಫಿಶ್ ಇಲಾಖೆ ತೆರೆಸಿರುವ ವಾಕ್–ಇನ್ ಏರಿಯಾಗಳು ಮತ್ತು ಹಂಟರ್ ಮ್ಯಾನೇಜ್‌ಮೆಂಟ್ ಏರಿಯಾಗಳು ಹೊರಗಿನವರಿಗೆ ವರದಾನ. ಎರಡನೆಯದಕ್ಕೆ ಅನುಮತಿ ಚೀಟಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ರಾಜ್ಯದ ಜಮೀನಿನಲ್ಲಿ ಬೇಟೆಯಾಡಬಹುದು, ಡೇರೆ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಮಣೆಯ ಎರಡು ಸಾರ್ವಜನಿಕ ಮನೆಗಳು ಮೂಲೆಯಲ್ಲಿ ಮಾತ್ರ ತಾಗುವ ಕಡೆ, ಖಾಸಗಿ ನೆಲ ತುಳಿಯದೆ ಮೂಲೆ ದಾಟುವುದು ಅತಿಕ್ರಮಣವಲ್ಲ ಎಂದು ಅಮೆರಿಕದ 10ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2025ರಲ್ಲಿ ಹೇಳಿದೆ. ಆದರೂ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಸರ್ವೆ ಕಲ್ಲು ಕಣ್ಣಿಗೆ ಬಿದ್ದ ಮೂಲೆ ಮಾತ್ರ ಮೂಲೆ.

ಗುಂಡು

ಗಂಡಿನ ಕೆನ್ನೆಯಲ್ಲಿ ಕಪ್ಪು ಪಟ್ಟಿ, ಹೆಣ್ಣಿಗೆ ಇಲ್ಲ. ಕೊಂಬಿನ ಉದ್ದ ಅಂದಾಜು ಮಾಡಲು ಕಿವಿಯೇ ಅಳತೆಗೋಲು: ಕಿವಿ ಸುಮಾರು 15 ಸೆಂ.ಮೀ., ಕೊಂಬು ಅದರ ಎರಡರಷ್ಟಕ್ಕಿಂತ ಚೆನ್ನಾಗಿ ಮೇಲೆ ಹೋದರೆ ಒಳ್ಳೆಯ ಗಂಡು. ರೈಫಲ್‌ನ ಕ್ಯಾಲಿಬರ್ .243, 6.5 ಕ್ರೀಡ್‌ಮೂರ್, .270 ಯಾವುದಾದರೂ ಧಾರಾಳ ಸಾಕು. 200 ಗಜಕ್ಕೆ ಝೀರೊ ಮಾಡಿ (ಸ್ಕೋಪಿನ ಗುರಿಯೂ ಗುಂಡು ಬೀಳುವ ಜಾಗವೂ ಒಂದಾಗುವಂತೆ ಹೊಂದಿಸಿ), ಗಡಿ ದಾಟಿದ ಮೇಲೆ ಮೂರು ಗುಂಡು ಹೊಡೆದು ಮತ್ತೊಮ್ಮೆ ನೋಡಿ. 750 ಕಿ.ಮೀ. ಕುಲುಕಿದ ಸ್ಕೋಪ್ ಇದ್ದಲ್ಲೇ ಇರುತ್ತದೆ ಎಂದು ನಂಬಬೇಡಿ.

ಗುರಿಯ ಜಾಗ 20 ಸೆಂ.ಮೀ. ಆಸುಪಾಸಿನ ಎದೆ, ಎದುರಿಗಿರುವುದು ನಿಲ್ಲದ ಗಾಳಿ. ರೈಫಲ್ ಊರಲು ಬೈಪಾಡ್, ಅಂದರೆ ಎರಡು ಕಾಲಿನ ಆಸರೆ, ಬೇಕೇ ಬೇಕು. ಹೊಟ್ಟೆಯ ಮೇಲೆ ತೆವಳುವ ಬೇಟೆ ಇದು, ನೆಲದ ತುಂಬ ಪಾಪಸುಕಳ್ಳಿ. ಮಂಡಿಚಿಪ್ಪಿನ ಪಟ್ಟಿ, ದಪ್ಪ ಕೈಗವಸು ಇಲ್ಲದೆ ಬಂದವರು ಸಂಜೆ ಚಿಮಟ ಹಿಡಿದು ಕೂರುತ್ತಾರೆ. ಕಿತ್ತಳೆ ಅಥವಾ ಗುಲಾಬಿ ಹೊಳೆಬಣ್ಣದ ಒಂದು ಮೇಲುಡುಪು, ಟೋಪಿಯಾದರೂ ಸರಿ, ಕಾನೂನಿನಂತೆ ಕಡ್ಡಾಯ.

ಇಲ್ಲಿ ಆಗುವ ದೊಡ್ಡ ಅನಾಹುತ ಗುರಿ ತಪ್ಪುವುದಲ್ಲ, ಒಂದೇ ಗುಂಡಿಗೆ ಎರಡು ಬೀಳುವುದು. ಈ ಪ್ರಾಣಿಯ ಮೈ ತೆಳು, ಗುಂಡು ಆಚೆ ಹಾಯ್ದು ಹೋಗುತ್ತದೆ. ಹಿಂಡಿನಲ್ಲಿ ಹಿಂದೆ ನಿಂತಿದ್ದ ಹೆಣ್ಣು ಬಿದ್ದರೆ, ಪರವಾನಗಿ ಇಲ್ಲದ ಎರಡನೇ ಪ್ರಾಣಿ ನಿಮ್ಮ ಲೆಕ್ಕಕ್ಕೆ. ಆರಿಸಿಕೊಂಡದ್ದು ಒಂಟಿಯಾಗಿ, ಹಿಂದೆ ಬರೀ ಮಣ್ಣು ಕಾಣುವಂತೆ ನಿಲ್ಲುವ ತನಕ ಕಾಯಿರಿ. ಒಮ್ಮೆ ಬೆದರಿದರೆ ಗಂಟೆಗೆ 80 ಕಿ.ಮೀ. ಮೀರಿ ಓಡುತ್ತವೆ, ಆದರೆ ಬಯಲು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಇನ್ನೊಂದು ಅವಕಾಶ ಸಿಗುತ್ತದೆ.

ಮೊದಲ ಒಂದು ಗಂಟೆ

ಪ್ರಾಂಗ್‌ಹಾರ್ನ್ ಮಾಂಸಕ್ಕೆ ಹೋತದ ವಾಸನೆ, ಸೇಜ್‌ಬ್ರಷ್ ಎಂಬ ಘಾಟಿನ ಪೊದೆ ತಿನ್ನುತ್ತದಲ್ಲ ಅದಕ್ಕೇ, ಎನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಹೆಚ್ಚಿನ ತಪ್ಪು ಪೊದೆಯದಲ್ಲ, ಬಿಸಿಲಿನದು ಮತ್ತು ಕೈಯದು. ಸೆಪ್ಟೆಂಬರ್ ಮಧ್ಯಾಹ್ನ 25 ಡಿಗ್ರಿ ದಾಟುವುದು ಮಾಮೂಲು. ಈ ಪ್ರಾಣಿಯ ಕೂದಲು ಒಳಗೆ ಟೊಳ್ಳು, ಚಳಿಗಾಲದ ಕಂಬಳಿಯಂತೆ ಶಾಖ ಹಿಡಿದಿಡುತ್ತದೆ. ತೊಗಲು ಸುಲಿಯದೆ ಪಿಕಪ್‌ನ ಹಿಂದೆ ಹಾಕಿ ಮೂರು ಗಂಟೆ ಓಡಿಸಿದರೆ ಮಾಂಸ ಒಳಗೊಳಗೇ ಬೇಯುತ್ತದೆ.

ಮೊದಲು ಪರವಾನಗಿಯ ಕಾರ್ಕಸ್ ಕೂಪನ್, ಅಂದರೆ ಹೊಡೆದ ಪ್ರಾಣಿಯ ಗುರುತುಚೀಟಿ. ಜಾಗ ಬಿಡುವ ಮೊದಲೇ ಕತ್ತರಿಸಿ ತೆಗೆದು, ದಿನಾಂಕ ಹಾಕಿ, ಸಹಿ ಮಾಡಿ. ಖಾಸಗಿ ಜಮೀನಾದರೆ ಲ್ಯಾಂಡ್‌ಓನರ್ ಕೂಪನ್ ಮಾಲೀಕರಿಗೆ ಕೊಡಬೇಕು. ಆಮೇಲೆ ಚಾಕು.

ಕೂದಲು ಒಣ ಹುಲ್ಲಿನಂತೆ, ಮುಟ್ಟಿದರೆ ಉದುರುತ್ತದೆ, ಮಾಂಸಕ್ಕೆ ಅಂಟಿದರೆ ಬಿಡುವುದಿಲ್ಲ. ಆದ್ದರಿಂದ ತೊಗಲನ್ನು ಹೊರಗಿನಿಂದ ಕೊಯ್ಯಬೇಡಿ. ಹಿಂಗಾಲಿನ ಗೆಣ್ಣಿನ ಬಳಿ ಒಂದು ಸಣ್ಣ ಸೀಳು ಹಾಕಿ, ಚಾಕುವಿನ ಬಾಯಿ ಮೇಲ್ಮುಖವಾಗಿರುವಂತೆ ತೊಗಲಿನ ಒಳಗೆ ತೂರಿಸಿ, ಒಳಗಿನಿಂದ ಹೊರಕ್ಕೆ ಎಳೆಯುತ್ತಾ ಹೋಗಿ. ಹೀಗೆ ಮಾಡಿದರೆ ಕೂದಲು ತುಂಡಾಗದೆ ಎರಡೂ ಕಡೆಗೆ ಸರಿಯುತ್ತದೆ. ಒಂದು ಕೈ ಕೂದಲಿಗೆ, ಇನ್ನೊಂದು ಮಾಂಸಕ್ಕೆ, ಅದಲುಬದಲು ಆಗಬಾರದು. ಬೆನ್ನ ಹಿಂಭಾಗದ ಬಿಳಿ ಕೂದಲಿನ ನಡುವೆ ವಾಸನೆಯ ಗ್ರಂಥಿಗಳಿವೆ. ಬೆದರಿದಾಗ ಆ ಕೂದಲು ಹೂವಿನಂತೆ ಅರಳುತ್ತದೆ, ಘಾಟು ಮೂಗಿಗೆ ಹೊಡೆಯುತ್ತದೆ. ಅವನ್ನು ಕೊಯ್ದು ತೆಗೆಯಲು ಹೋಗಬೇಡಿ. ತೊಗಲಿನ ಜೊತೆಗೇ ಹೋಗಲಿ. ಅಕಸ್ಮಾತ್ ತಾಗಿದರೆ ಚಾಕು, ಕೈಗವಸು ಎರಡನ್ನೂ ಬದಲಿಸಿ.

ಗುಂಡು ಎದೆಗೆ ಬಿದ್ದಿದ್ದರೆ ಕರುಳು ತೆಗೆಯುವ ಗೊಡವೆಯೇ ಬೇಡ. ಒಂದು ಮಗ್ಗುಲು ಸುಲಿದು ಮುಂಗಾಲು ಬಿಡಿಸಿ, ತೊಡೆ ಬಿಡಿಸಿ, ಬೆನ್ನಿನ ಪಟ್ಟಿ ಮಾಂಸ ತೆಗೆಯಿರಿ. ಮಗುಚಿ ಹಾಕಿ ಇನ್ನೊಂದು ಮಗ್ಗುಲು. ಕೊನೆಗೆ ಕಡೆಯ ಪಕ್ಕೆಲುಬಿನ ಹಿಂದೆ ಕೊಯ್ದು ಕೈ ಹಾಕಿದರೆ ಒಳಗಿನ ಮೆತ್ತನೆಯ ಪಟ್ಟಿಗಳೂ ಸಿಗುತ್ತವೆ. ಗುಂಡು ಹೊಟ್ಟೆಗೆ ಬಿದ್ದಿದ್ದರೆ ಮಾತ್ರ ಮೊದಲು ಕರುಳು ತೆಗೆದು ಒರೆಸಿ. ಮುಂಗಾಲು ಮಂಡಿಯವರೆಗೆ, ಹಿಂಗಾಲು ಗೆಣ್ಣಿನವರೆಗೆ, ಬೆನ್ನಿನ ಉದ್ದಕ್ಕೂ ಇರುವ ಮಾಂಸವನ್ನು ಬಿಟ್ಟುಬರುವುದು ಅಪರಾಧ. ಒಂದು ತೊಡೆಯಲ್ಲಿ ವೃಷಣ ಅಥವಾ ಕೆಚ್ಚಲು ಅಂಟಿಕೊಂಡೇ ಇರಲಿ, ತಲೆಯೂ ಜೊತೆಗಿರಲಿ. ಗಂಡೋ ಹೆಣ್ಣೋ ಎನ್ನುವ ಪುರಾವೆ ಅದು.

ಮೂಳೆಯಿಂದ ಮಾಂಸ ಬಿಡಿಸುವ ಆತುರ ಬೇಡ. ಸತ್ತ ಮೇಲೆ ಮೈ ಸೆಟೆದು ಸಡಿಲವಾಗುವ ಮೊದಲೇ ಮೂಳೆ ಬಿಡಿಸಿ ಐಸ್‌ಗೆ ಹಾಕಿದರೆ ಸ್ನಾಯು ಮುದುಡಿ ರಬ್ಬರ್ ಆಗುತ್ತದೆ. ಎಷ್ಟು ಬೇಯಿಸಿದರೂ ಆ ಗಟ್ಟಿ ಹೋಗುವುದಿಲ್ಲ. ಬಟ್ಟೆ ಚೀಲಗಳಲ್ಲಿ ಹಾಕಿ ನೆರಳಿನಲ್ಲಿ ಗಾಳಿಗೆ ತೂಗಿಸಿ, ಮೈಬಿಸಿ ಆರಿದ ಮೇಲೆ ಕೂಲರ್‌ಗೆ ಹಾಕಿ, ಒಂದು ದಿನ ಮೂಳೆಯ ಮೇಲೇ ಇರಲಿ. ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ.

ಮೂಳೆ ಸಮೇತ ಒಂದು ಪ್ರಾಣಿಗೆ 100 ಲೀಟರ್ ಕೂಲರ್, ಮೂಳೆ ಬಿಡಿಸಿದರೆ 60 ಲೀಟರ್ ಸಾಕು. ಪುಡಿ ಐಸ್ ಬದಲು ಮನೆಯಲ್ಲೇ ಹೆಪ್ಪುಗಟ್ಟಿಸಿದ 2 ಲೀಟರ್ ನೀರಿನ ಬಾಟಲಿ ಆರೆಂಟು ಒಯ್ಯಿರಿ. ಐಸ್ ಕರಗಿದ ನೀರಿನಲ್ಲಿ ನೆನೆದ ಮಾಂಸ ಬಿಳಚಿಕೊಂಡು ರುಚಿಗೆಡುತ್ತದೆ. ಕೆಳಗೆ ಬಾಟಲಿ, ಮೇಲೊಂದು ಜಾಲರಿ, ಅದರ ಮೇಲೆ ಮಾಂಸ, ಮತ್ತೆ ಬಾಟಲಿ. ನೀರು ಹೋಗುವ ಬಿರಡೆ ತೆರೆದಿರಲಿ. ಒಳಗೊಂದು ಥರ್ಮಾಮೀಟರ್ ಇಟ್ಟು 4 ಡಿಗ್ರಿಯೊಳಗೆ ಇದೆಯೇ ನೋಡುತ್ತಿರಿ. ಡ್ರೈ ಐಸ್ ಬಳಸುವುದಾದರೆ ಗಾಡಿಯ ಕಿಟಕಿ ತುಸು ಇಳಿಸಿರಿ, ಅದು ಬಿಡುವ ಇಂಗಾಲದ ಡೈಆಕ್ಸೈಡ್ ಮುಚ್ಚಿದ ಗಾಡಿಯಲ್ಲಿ ತಲೆ ಸುತ್ತಿಸುತ್ತದೆ.

ಒಂದು ಗಂಡಿನಿಂದ ಮೂಳೆ ಬಿಟ್ಟು 16ರಿಂದ 20 ಕಿಲೊ ಮಾಂಸ ನಿರೀಕ್ಷಿಸಿ. ಹೆಚ್ಚು ಅಂದುಕೊಂಡು ದೊಡ್ಡ ಕೂಲರ್ ಒಯ್ದರೆ ಖಾಲಿ ಜಾಗ ತಣ್ಣಗಿಡುವುದಕ್ಕೇ ಅರ್ಧ ಐಸ್ ಹೋಗುತ್ತದೆ.

ವಾಪಸ್ ದಾರಿ

ವಯೋಮಿಂಗ್‌ನ ಊರಿನ ಮಾಂಸದ ಅಂಗಡಿಯಲ್ಲಿ ಕತ್ತರಿಸಿ ಕಟ್ಟಿಸುವುದಾದರೆ ಮೂರು ಮಾತು ಹೇಳಿ: ನಮ್ಮ ಪ್ರಾಣಿ ಬೇರೆಯವರದರ ಜೊತೆ ಬೆರೆಸಬೇಡಿ, ಹಂದಿ ಅಥವಾ ದನದ ಕೊಬ್ಬು ಸೇರಿಸಬೇಡಿ, ಪ್ರತಿ ಪೊಟ್ಟಣದ ಮೇಲೂ ಪ್ರಾಣಿ, ಹೆಸರು, ಪರವಾನಗಿ ಸಂಖ್ಯೆ, ದಿನಾಂಕ ಬರೆಯಿರಿ. ಕೊಬ್ಬು ಬೆರೆಸಿದ ಸಾಸೇಜ್ ಗಡಿಯಲ್ಲಿ ನೀವೇ ಬೇಟೆಯಾಡಿದ ಮಾಂಸವಾಗಿ ಉಳಿಯುವುದಿಲ್ಲ, ಬೇರೆ ಪ್ರಾಣಿಯ ನಿಯಮವೂ ಅದರ ತಲೆಗೆ ಬೀಳುತ್ತದೆ. ಸಾಸೇಜ್ ಮನೆಗೆ ಬಂದ ಮೇಲೆ ಮಾಡಿದರಾಯಿತು. ಬೇಟೆ ಶುರುವಾದ ಮೊದಲ ವಾರಾಂತ್ಯ ಇಂಥ ಅಂಗಡಿಗಳು ತುಂಬಿ ತುಳುಕುತ್ತವೆ, ಹೊರಡುವ ಮೊದಲೇ ಫೋನ್ ಮಾಡಿ. ಸ್ವಂತ ಕೈಯಲ್ಲಿ ಮಾಡುವವರು ಪೊಟ್ಟಣವನ್ನು ಎರಡು ಮೂರು ಸೆಂ.ಮೀ. ದಪ್ಪಕ್ಕೆ ಚಪ್ಪಟೆಯಾಗಿ ಕಟ್ಟಿದರೆ ಬೇಗ ಹೆಪ್ಪುಗಟ್ಟುತ್ತದೆ.

ಕೆನಡಾದ ಆಹಾರ ತಪಾಸಣಾ ಸಂಸ್ಥೆ ಸಿಎಫ್‌ಐಎ ತನ್ನ ಜಾಲತಾಣದಲ್ಲಿ 'ಏರ್ಸ್' ಎಂಬ ಹುಡುಕುಕೋಶ ಇಟ್ಟಿದೆ. ಪ್ರಾಣಿ, ಬರುವ ರಾಜ್ಯ, ಹೋಗುವ ಪ್ರಾಂತ್ಯ, ಬಳಕೆ ಆರಿಸಿದರೆ ಆ ದಿನದ ಷರತ್ತು ತೋರಿಸುತ್ತದೆ. ಹೊರಡುವ ವಾರ ಅದನ್ನು ಮುದ್ರಿಸಿ ಪರವಾನಗಿ, ಕೂಪನ್, ಅಂಗಡಿ ರಸೀದಿ, 6ಎನ್‌ಐಎ, ಬಿಎಸ್‌ಎಫ್407, ಪಿಎಎಲ್ ಜೊತೆ ಒಂದೇ ಲಕೋಟೆಯಲ್ಲಿ ಇಡಿ. ಕೂಲರ್ ಕೈಗೆ ಸಿಗುವಂತಿರಲಿ, ಡೇರೆ ಹಾಸಿಗೆಗಳ ಅಡಿಯಲ್ಲಿ ಹೂಳಬೇಡಿ. ಸ್ನೇಹಿತ ಕೊಟ್ಟ ಮಾಂಸವಿದ್ದರೆ ಅವನ ಹೆಸರು, ಪರವಾನಗಿ ಸಂಖ್ಯೆ, ದಿನಾಂಕ, ಸಹಿ ಇರುವ ಚೀಟಿ ಬೇಕು. ಅವನೇ ಗಾಡಿಯಲ್ಲಿದ್ದರೆ ಇನ್ನೂ ನಿರಾಳ.

ರೋಗದ ಪ್ರಶ್ನೆ ಬಂದರೆ: ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಾರಕ ಮಿದುಳು ರೋಗದ ನಿಯಮಗಳು ಜಿಂಕೆ ಕುಟುಂಬಕ್ಕೆ. ಪ್ರಾಂಗ್‌ಹಾರ್ನ್ ಆ ಕುಟುಂಬದ್ದಲ್ಲ. ಅದೇ ಪ್ರವಾಸದಲ್ಲಿ ಮ್ಯೂಲ್ ಡಿಯರ್ ಕೂಡ ಹೊಡೆದಿದ್ದರೆ ಲೆಕ್ಕ ಬದಲಾಗುತ್ತದೆ. ಒಂಟಾರಿಯೊ ಪ್ರಾಂತ್ಯ ಹೊರಗಿನ ಜಿಂಕೆಯ ಮಿದುಳು, ಬೆನ್ನುಮೂಳೆಯಂಥ ಭಾಗಗಳನ್ನು ಒಳಗೆ ಬಿಡುವುದೇ ಇಲ್ಲ. ಎರಡು ಪ್ರಾಣಿಯ ಮಾಂಸ ಎರಡು ಕೂಲರ್‌ನಲ್ಲಿ ಇರಲಿ. ಅಪಾಯದಲ್ಲಿರುವ ವನ್ಯಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವುದು ಮೆಕ್ಸಿಕೊದ ಪ್ರಾಂಗ್‌ಹಾರ್ನ್ ಮಾತ್ರ, ವಯೋಮಿಂಗ್‌ನದಕ್ಕೆ ಆ ಪರವಾನಗಿ ಬೇಡ. ಆದರೆ ವಯೋಮಿಂಗ್‌ನಲ್ಲಿ ಮಾಡಿದ ಸಣ್ಣ ತಪ್ಪು, ಉದಾಹರಣೆಗೆ ಸಹಿ ಇಲ್ಲದ ಕೂಪನ್, ರಾಜ್ಯದ ಗಡಿ ದಾಟಿದ ಕೂಡಲೇ ಅಕ್ರಮ ವನ್ಯಪ್ರಾಣಿ ಸಾಗಣೆ ತಡೆಯುವ ಲೇಸಿ ಕಾಯ್ದೆಯ ಕೇಂದ್ರ ಅಪರಾಧವಾಗಬಹುದು. ಕೆನಡಾ ಕಡೆಯಲ್ಲೂ ಹೊರದೇಶದ ಕಾನೂನು ಮುರಿದು ಪಡೆದ ವನ್ಯಪ್ರಾಣಿಯನ್ನು ತರುವುದನ್ನು ನಿಷೇಧಿಸುವ ಕಾಯ್ದೆ ಇದೆ.

ಕೊಂಬು ಇಟ್ಟುಕೊಳ್ಳುವವರು ತಲೆಬುರುಡೆಯ ಮೇಲ್ಪಟ್ಟಿಯನ್ನು ಗರಗಸದಿಂದ ಕೊಯ್ದು, ಮಾಂಸ ಮಿದುಳು ಕೆರೆದು ತೊಳೆದು ತನ್ನಿ. ಮುಖದ ತೊಗಲು ಬೇಕಾದರೆ ಒಳಗಿನ ಮಾಂಸ ಪೂರ್ತಿ ಕೆರೆದು, ಕಿವಿ ತುಟಿಗಳಿಗೂ ಬಿಡದಂತೆ ಅಯೋಡಿನ್ ಇಲ್ಲದ ಉಪ್ಪು ತಿಕ್ಕಿ. ಮನೆಯಲ್ಲಿ ಇನ್ನೊಂದು ಕೆಲಸ ಉಳಿದಿರುತ್ತದೆ. ಹೊರಚಿಪ್ಪಿನ ಒಳಗೆ, ಮೂಳೆಯ ಸುತ್ತ ಒಂದು ಪದರ ಮಾಂಸ ಇರುತ್ತದೆ, ಅದನ್ನು ಹಾಗೇ ಬಿಟ್ಟರೆ ತಿಂಗಳೊಳಗೆ ಗೋಡೆಯಿಂದ ನಾತ. ಬೆಚ್ಚಗಿನ ನೀರಿನಲ್ಲಿ ನೆನೆಸಿ ಚಿಪ್ಪು ತಿರುಚಿ ಎಳೆದರೆ ಕೈಗೆ ಬರುತ್ತದೆ. ಎಡ ಬಲ ಗುರುತು ಹಾಕಿಡಿ, ಒಳಗೂ ಮೂಳೆಯೂ ಕೆರೆದು ಬೋರಾಕ್ಸ್ ಪುಡಿ ಹಚ್ಚಿ ಒಣಗಿಸಿ, ಆಮೇಲೆ ಅಂಟು ಹಾಕಿ ಕೂರಿಸಿ.